ಹೊಳೆಗೆ ಕೊಟ್ಟ ಬಾಗಿಲು

ನಾನು ಒಂದು ಬಾಗಿಲು. ಆದರೆ ನನ್ನನ್ನು ದಾಟಿ ಯಾರೂ ಒಳಗೆ ಬಂದವರಿಲ್ಲ, ಹೊರಗೆ ಹೋದವರೂ ಇಲ್ಲ. ನನಗೆ ಚೌಕಟ್ಟು, ಚಿಲಕ, ಹೊಸ್ತಿಲು ಯಾವುದೂ ಇರಲಿಲ್ಲ. ಹಬ್ಬದ ದಿನ ಯಾರೂ ನನ್ನ ನೆತ್ತಿಗೆ ತೋರಣ ಕಟ್ಟಲಿಲ್ಲ. ನನ್ನ ಮುಂದೆ ಬಂದು ನಿಲ್ಲುತ್ತಿದ್ದದ್ದು ಒಂದು ಹೊಳೆ, ಅದರ ಬೆನ್ನಿಗೆ ಸಮುದ್ರ. ನನ್ನ ಹಿಂದೆ ಇದ್ದದ್ದು ಒಂದು ಗದ್ದೆ.

ಹುಟ್ಟಿದ್ದು ಘಟ್ಟದ ಕಾಡಿನಲ್ಲಿ, ಮತ್ತಿ ಮರವಾಗಿ. ಮೊಸಳೆಯ ಬೆನ್ನಿನಂಥ ತೊಗಟೆ ಇತ್ತು ಎನ್ನುವುದು ಬಿಟ್ಟರೆ ಆ ಕಾಲದ ನೆನಪು ಹೆಚ್ಚಿಲ್ಲ. ಮರ ಕಡಿದು ದಿಮ್ಮಿ ಮಾಡಿ ಹೊಳೆಯಲ್ಲೇ ತೇಲಿಸಿಕೊಂಡು ಕೆಳಗೆ ತಂದರು. ಹೊಳೆ ನನ್ನನ್ನು ಎಷ್ಟು ಜೋಪಾನವಾಗಿ ಹೊತ್ತು ತಂದಿತೆಂದರೆ, ಮುಂದೆ ಜೀವಮಾನವೆಲ್ಲ ಇದೇ ಹೊಳೆಗೆ ಎದುರಾಗಿ ನಿಲ್ಲಬೇಕೆಂದು ಆಗ ನನಗೆ ಅನ್ನಿಸಲೇ ಇಲ್ಲ.

ನನ್ನನ್ನು ಮಾಡಿದವನು ಶೇಷ ಆಚಾರಿ. ದಪ್ಪ ಹಲಗೆಗಳನ್ನು ಸೇರಿಸಿ, ಸಂದಿಗೆ ತೆಂಗಿನ ನಾರು ತುಂಬಿ, ಮೇಲೆ ಎಣ್ಣೆ ಬಳಿದ. ಕೆಲಸ ಮಾಡಿಸುತ್ತಿದ್ದವನು ನಡುಕುರ್ವೆಯ ಹಮ್ಮು ಗೌಡ, ಎಲ್ಲದಕ್ಕೂ ನಗುವ ಮನುಷ್ಯ.

"ಮನಿ ಬಾಗ್ಲಾಗಿದ್ರೆ ಹೂವು ಬಳ್ಳಿ ಕೆತ್ತಬಹುದಾಗಿತ್ತು" ಎಂದು ಆಚಾರಿ ಬೇಸರ ಮಾಡಿಕೊಂಡ. "ಇದ್ರ ಮುಖ ನೋಡೂರು ಯಾರು? ಏಡಿ."

"ಏಡಿಗೂ ಚಂದ ಬೇಕಲ್ದನಾ ಆಚಾರ್ರೆ" ಎಂದ ಹಮ್ಮು ಗೌಡ.

ಆಚಾರಿ ಹೂವು ಕೆತ್ತಲಿಲ್ಲ. ಆದರೆ ಯಾರೂ ನೋಡದ ನನ್ನ ಎರಡೂ ಮುಖಗಳನ್ನು ಕನ್ನಡಿಯ ಹಾಗೆ ನುಣುಪು ಮಾಡಿದ. ಕೊನೆಗೆ ಎರಡು ತುದಿಗೆ ಎರಡು ಹಿಡಿ ಕೂರಿಸಿದ. ಒಬ್ಬನ ತೋಳು ಎಷ್ಟೇ ಚಾಚಿದರೂ ಎರಡನ್ನೂ ಮುಟ್ಟಲಾಗದಷ್ಟು ದೂರ ದೂರ. ಅದು ಅವನ ತಪ್ಪಲ್ಲ. ಹಾಗೆ ಮಾಡಬೇಕೆಂದು ಹೇಳಿಯೇ ಮಾಡಿಸಿದ್ದು.

ಯಾಕೆ ಎಂದು ತಿಳಿಯಬೇಕಾದರೆ ನಮ್ಮ ಕುರ್ವೆಗಳ ಕಥೆ ಕೇಳಬೇಕು.

ಕುರ್ವೆ ಎಂದರೆ ಹೊಳೆಯ ನಡುವಿನ ನೆಲ. ಘಟ್ಟ ಇಳಿದು ಬರುವ ಹೊಳೆ ಸಮುದ್ರದ ಹತ್ತಿರ ಬರುವಷ್ಟರಲ್ಲಿ ದಣಿದಿರುತ್ತದೆ. ಹೊತ್ತು ತಂದ ಮಣ್ಣನ್ನು, ತಲೆಹೊರೆಯ ಹೆಂಗಸು ದಾರಿಬದಿಯ ಕಟ್ಟೆಯ ಮೇಲೆ ಹೊರೆ ಇಳಿಸಿದ ಹಾಗೆ, ಅಲ್ಲಲ್ಲೇ ಇಳಿಸುತ್ತದೆ. ಸಮುದ್ರ ದಿನಕ್ಕೆರಡು ಸಲ ಒಳಗೆ ಬಂದು ಆ ಮಣ್ಣನ್ನು ತಟ್ಟಿ ಹೋಗುತ್ತದೆ. ಸಮುದ್ರದ ನೀರು ಏರಿ ಬರುವುದಕ್ಕೆ ಇಲ್ಲಿಯವರು ಭರ್ತಿ ಎನ್ನುತ್ತಾರೆ, ವಾಪಸು ಹೋಗುವುದಕ್ಕೆ ಇಳಿತ. ಒಬ್ಬರು ಇಳಿಸುತ್ತಾ ಒಬ್ಬರು ತಟ್ಟುತ್ತಾ ಎಷ್ಟು ಕಾಲ ಕಳೆಯಿತೋ, ಕೊನೆಗೆ ನಾಲ್ಕು ಕುರ್ವೆಗಳಾದವು.

ಸಮುದ್ರದ ಬಾಯಿಗೆ ಹತ್ತಿರ ಇರುವುದು ಸುಣ್ಣಕುರ್ವೆ. ಅಲ್ಲಿಯ ಹೆಂಗಸರು ಇಳಿತದಲ್ಲಿ ಮೊಣಕಾಲು ನೀರಿಗಿಳಿದು ಬಳಚು ಹೆಕ್ಕುತ್ತಾರೆ. ಒಳಗಿನ ಮಾಂಸ ಸಾರಿಗೆ, ಹೊರಗಿನ ಚಿಪ್ಪು ಭಟ್ಟಿಗೆ. ದಡದ ಊರುಗಳ ಹಳೆಯ ಗೋಡೆಗಳೆಲ್ಲ ಬೆಳ್ಳಗಿದ್ದದ್ದು ಈ ಚಿಪ್ಪಿನ ಸುಣ್ಣದಿಂದ. ಎತ್ತರದಲ್ಲಿರುವುದು ಹೆಗ್ಗುರ್ವೆ. ಶಾಲೆ ಅಲ್ಲಿ, ಅಂಗಡಿ ಅಲ್ಲಿ, ತೆಂಗಿನ ತೋಟಗಳೂ ಅಲ್ಲಿ. ಹೊಳೆಯಂಚಿನಲ್ಲಿ ಸಿಪ್ಪೆ ಕೊಳೆಹಾಕಿ ಬಡಿದು ಹುರಿ ಹೊಸೆಯುತ್ತಾರೆ; ಗಾಳಿ ಆ ಕಡೆಯಿಂದ ಬೀಸಿದರೆ ನಮ್ಮ ಕುರ್ವೆಯವರು ಊಟ ಮುಂದೂಡುತ್ತಾರೆ. ಕಾಂಡ್ಲಕುರ್ವೆಯಲ್ಲಿ ಮನುಷ್ಯರಿಲ್ಲ. ಕೆಸರಿನಲ್ಲಿ ಬೇರೂರಿ ನಿಲ್ಲುವ ಕಾಂಡ್ಲ ಗಿಡಗಳು, ಅದರ ಮೇಲೆ ಬೆಳ್ಳಕ್ಕಿ, ಬೇರಿನ ಸಂದಿಯಲ್ಲಿ ಮರಿ ಮೀನು.

ಇವುಗಳ ನಡುವೆ ನಮ್ಮ ನಡುಕುರ್ವೆ. ಬಟ್ಟಲಿನ ಆಕಾರ. ಅಂಚು ಎತ್ತರ, ನಡು ತಗ್ಗು. ಅಂಚಿನ ಮೇಲೆ ಮನೆಗಳು, ಬಾವಿಗಳು, ತೆಂಗು. ತಗ್ಗಿನಲ್ಲಿ ಗದ್ದೆ. ಆ ಗದ್ದೆ ಭರ್ತಿಯ ನೀರಿಗಿಂತ ಕೆಳಗಿತ್ತು. ದೋಣಿಯಲ್ಲಿ ಕೂತವರು ಗದ್ದೆಯನ್ನು ನೋಡಬೇಕಾದರೆ ಕತ್ತು ಬಗ್ಗಿಸಬೇಕು. ಹೊಸಬರು ಅದನ್ನು ಕಂಡು ಹೆದರುತ್ತಾರೆ. ನಾನು ಎಷ್ಟು ವರ್ಷ ನೋಡಿದರೂ ಬೆರಗಾಗುತ್ತಿದ್ದೆ. ಸಮುದ್ರದ ಮಟ್ಟಕ್ಕಿಂತ ಕೆಳಗೆ ನಿಂತು ಭತ್ತ ಬಿತ್ತುವುದಕ್ಕೆ ಎಂಥ ಎದೆ ಬೇಕು.

ಮೊದಲು ಬಂದವರು ಕಾಂಡ್ಲ ನೆಟ್ಟರಂತೆ, ಮಣ್ಣು ಹಿಡಿಯಲಿ ಎಂದು. ಕಾಂಡ್ಲ ಹಿಡಿದ ಮಣ್ಣಿನ ಮೇಲೆ ಕಟ್ಟೆ ಏರಿಸಿದರು. ಕಟ್ಟೆ ಗಟ್ಟಿಯಾದ ಮೇಲೆ ತೆಂಗು. ತೆಂಗು ಕಾಯಿ ಬಿಟ್ಟ ಮೇಲೆ ಮನೆ. ಮನುಷ್ಯ ತಾನು ಇರುವ ನೆಲವನ್ನು ತಾನೇ ಬೆಳೆಸಿಕೊಂಡು, ಎಲ್ಲರಿಗಿಂತ ಕೊನೆಗೆ ಒಳಗೆ ಬಂದ. ಆ ಮಣ್ಣಿನ ಕಟ್ಟೆಯಲ್ಲಿ ಒಂದೇ ಒಂದು ಕಡೆ ಎರಡು ಚಿರೆಕಲ್ಲಿನ ಕಂಬ ನಿಲ್ಲಿಸಿ, ಕಂಬಕ್ಕೆ ಗಾಡಿ, ಅಂದರೆ ಹಲಗೆ ಜಾರುವ ಸಂದು, ಕೊರೆದು, ನಡುವೆ ಬಾಗಿಲು ಇಳಿಸುತ್ತಾರೆ. ಆ ಜಾಗಕ್ಕೆ ಜಂತ್ರಡಿ ಎಂದು ಹೆಸರು. ಅಲ್ಲಿಯ ಬಾಗಿಲು ನಾನು.

ನನ್ನ ಕೆಲಸ ಸುಲಭ. ಮಳೆಗಾಲ ಶುರುವಾದ ಮೇಲೆ ಭರ್ತಿ ಬಂದಾಗ ಕೆಳಗಿಳಿದು ಉಪ್ಪು ನೀರನ್ನು ತಡೆಯಬೇಕು. ಇಳಿತದಲ್ಲಿ ಮೇಲಕ್ಕೆದ್ದು ಗದ್ದೆಯಲ್ಲಿ ನಿಂತ ಮಳೆನೀರನ್ನು ಹೊರಗೆ ಬಿಡಬೇಕು. ಹಾಗೆ ಮಾಡುತ್ತಾ ಮಾಡುತ್ತಾ ಗದ್ದೆಯ ಉಪ್ಪು ತೊಳೆದುಹೋಗುತ್ತದೆ. ಅಲ್ಲಿ ಬೆಳೆಯುವ ಭತ್ತಕ್ಕೆ ಕಗ್ಗ ಎಂದು ಹೆಸರು. ಉದ್ದ ಮೀಸೆಯ, ಕೆಂಪು ಅಕ್ಕಿಯ ಭತ್ತ. ಗೊಬ್ಬರ ಕೇಳುವುದಿಲ್ಲ, ಕಳೆ ಕೀಳಿಸಿಕೊಳ್ಳುವುದಿಲ್ಲ, ನೆರೆಯಲ್ಲಿ ಮುಳುಗಿದರೂ ಮತ್ತೆ ತಲೆ ಎತ್ತುತ್ತದೆ. ಕೊಯ್ಲು ಮುಗಿದ ಮೇಲೆ ನನ್ನನ್ನು ಎತ್ತಿ, ಕಂಬದ ತೂತಿಗೆ ಗೂಟ ಕೊಟ್ಟು ನಿಲ್ಲಿಸುತ್ತಾರೆ. ಆಮೇಲೆ ಬೇಸಿಗೆ ಮುಗಿಯುವವರೆಗೆ ಭರ್ತಿ ತನ್ನಿಷ್ಟಕ್ಕೆ ಒಳಗೆ ಬರುತ್ತದೆ, ಜೊತೆಗೆ ಶೆಟ್ಲಿ ಎನ್ನುವ ಸಿಗಡಿ, ನೋಗ್ಲಿ ಮೀನು, ಏಡಿ. ಕಗ್ಗದ ಕೊಳೆತ ಹುಲ್ಲು ಅವುಗಳಿಗೆ ಮೇವು. ವಾಪಸು ಹೋಗುವ ನೀರಿಗೆ ಬಲೆ ಕಟ್ಟಿದರೆ ಕುರ್ವೆಗೆ ಮೀನು. ಒಂದೇ ಗದ್ದೆ ಅರ್ಧ ವರ್ಷ ಅನ್ನ ಕೊಡುತ್ತದೆ, ಅರ್ಧ ವರ್ಷ ಮೀನು.

ಅದಕ್ಕೇ ಎರಡು ಹಿಡಿ. ಒಂದು ಬಿತ್ತುವವರದು, ಅಂದರೆ ಗೌಡರ ಮನೆಯದು. ಇನ್ನೊಂದು ಬಲೆಯವರದು, ಅಂದರೆ ಅಂಬಿಗರ ಮನೆಯದು. ಇಬ್ಬರೂ ಒಪ್ಪಿ ಕೈಹಾಕದೆ ನಾನು ಏಳುವ ಹಾಗಿಲ್ಲ, ಇಳಿಯುವ ಹಾಗೂ ಇಲ್ಲ.

ಇನ್ನೊಂದು ಮಾತು. ನಡುಕುರ್ವೆಯಲ್ಲಿ ಯಾರೂ ನನ್ನನ್ನು 'ಮುಚ್ಚು' ಎನ್ನುವುದಿಲ್ಲ. ಮಣ್ಣು ತಂದುಕೊಟ್ಟದ್ದೇ ಹೊಳೆ. ಅದರ ಮುಖಕ್ಕೆ ಬಾಗಿಲು ಮುಚ್ಚಿದೆ ಎಂದರೆ ಅದು ಏನಂದುಕೊಳ್ಳಬೇಕು? ಅದಕ್ಕೆ 'ಹೊಳಿಗೆ ಬಾಗ್ಲು ಕೊಡು' ಎನ್ನುತ್ತಾರೆ. ತವರಿನಿಂದ ಹೊರಟ ಮಗಳಿಗೆ ಮಡಿಲಲ್ಲಿ ಏನಾದರೂ ಕೊಟ್ಟು ಕಳಿಸಿದ ಹಾಗೆ. ಭಾರವಾದ ನನ್ನನ್ನು ಗಾಡಿಯಲ್ಲಿ ಇಳಿಸುವಾಗ ಆ ಮಾತು ಕೇಳಿದರೆ, ನಾನು ಅಡ್ಡಿ ಅಲ್ಲ, ಕಾಣಿಕೆ ಎಂದು ನನಗೂ ಅನ್ನಿಸುತ್ತಿತ್ತು.

ಹಮ್ಮು ಗೌಡ ಮತ್ತು ಜಟ್ಟಿ ಅಂಬಿಗ ನನ್ನ ಮೊದಲ ಒಡೆಯರು. ಮಳೆ ಶುರುವಾಗುವ ಹೊತ್ತಿಗೆ ಅವರಿಬ್ಬರ ಜಗಳ ಶುರು.

"ಇನ್ನೊಂದ್ ಭರ್ತಿ ಬರ್ಲಿ ಗೌಡ್ರೆ. ಶೆಟ್ಲಿ ಮದ್ವಿ ದಿಬ್ಬಣದ ಹಾಂಗೆ ಬತ್ತಾ ಅದೆ" ಎನ್ನುವನು ಜಟ್ಟಿ.

"ನಿನ್ ದಿಬ್ಬಣ ಮುಗಿಯೂದ್ರೊಳಗೆ ನನ್ ಬೀಜ ಮುದ್ಕಿ ಆಗ್ತದೆ."

"ಮುದ್ಕಿ ಆದ್ರೆ ಎಂತಾ? ನಿಮ್ಮನೀಲಿ ಮುದ್ಕೀರೇ ಅಲ್ದನಾ ಗದ್ದೆ ಮಾಡೂದು?"

ಹಮ್ಮು ಗೌಡ ನಗುತ್ತಾ ತನ್ನ ಹಿಡಿಗೆ ಕೈಹಾಕುತ್ತಿದ್ದ. ಜಟ್ಟಿ ಬೈಯುತ್ತಾ ತನ್ನ ಹಿಡಿಗೆ ಕೈಹಾಕುತ್ತಿದ್ದ. ಇಬ್ಬರ ಉಸಿರೂ ಒಂದೇ ಆದ ಕ್ಷಣ ನಾನು ಕೆಳಗಿಳಿಯುತ್ತಿದ್ದೆ. ಆ ದಿನಗಳಲ್ಲಿ ಭತ್ತ ತುಂಬಿದ ದೋಣಿ ದಡಕ್ಕೆ ಹೋಗುತ್ತಿತ್ತು, ಬರುವಾಗ ಹೆಗ್ಗುರ್ವೆಯ ಹುರಿ, ಸುಣ್ಣಕುರ್ವೆಯ ಸುಣ್ಣ ಹೇರಿಕೊಂಡು ಬರುತ್ತಿತ್ತು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇತ್ತು. ನಾಲ್ಕು ಕುರ್ವೆ ಸೇರಿದರೆ ಒಂದು ಮನೆ.

ಹಮ್ಮು ಗೌಡ ತೀರಿಕೊಂಡ. ಅವನ ಮಗನೂ ಬೇಗ ಹೋದ. ಗೌಡರ ಹಿಡಿ ಸೊಸೆ ಮಂಕಾಳಿಯ ಪಾಲಿಗೆ ಬಂತು. ಮಾವ ಎಷ್ಟು ನಗುತ್ತಿದ್ದನೋ ಅವಳು ಅಷ್ಟು ಸುಮ್ಮನಿರುವವಳು. ಬೇಕಾದ್ದನ್ನು ಕಣ್ಣಲ್ಲಿ ಹೇಳುತ್ತಾಳೆ, ಬೇಡವಾದ್ದಕ್ಕೆ ಬೆನ್ನು ತಿರುಗಿಸುತ್ತಾಳೆ. ನನಗೆ ಅವಳು ಇಷ್ಟ. ಮಾತು ಕಡಿಮೆ ಇರುವವರ ಕೈ ಹೆಚ್ಚು ಮಾತಾಡುತ್ತದೆ. ಹಿಡಿಸಿಕೊಳ್ಳುವ ನನಗೆ ಅದು ಗೊತ್ತು.

ಅದೇ ಹೊತ್ತಿಗೆ ದಡದಿಂದ ಒಬ್ಬ ಗುತ್ತಿಗೆದಾರ ಬಂದ. ಭತ್ತ ಬೇಡ, ವರ್ಷವಿಡೀ ಶೆಟ್ಲಿ ಬೆಳೆಸೋಣ ಎಂದ. ಜಟ್ಟಿ ಹೂಂ ಎಂದ. ಮಂಕಾಳಿ ಬೆನ್ನು ತಿರುಗಿಸಿದಳು. ಉಳಿದ ಮನೆಗಳು ಜಟ್ಟಿಯ ಕಡೆ ನಿಂತವು. ಜಟ್ಟಿಯದು ತಪ್ಪೆನ್ನಲಾರೆ. ಮೀನಿನವನಿಗೆ ಮೀನು ಹೆಚ್ಚಾಗುತ್ತದೆಂದರೆ ಆಸೆಯಾಗುತ್ತದೆ. ಗುತ್ತಿಗೆದಾರನ ಆಳುಗಳು ನನ್ನ ಹಿಡಿಗಳನ್ನು ಮುಟ್ಟಲಿಲ್ಲ. ಸರಪಳಿ ಬಿಗಿದು, ರಾಟೆಯಲ್ಲಿ ಎಳೆದು, ಕಂಬದ ನೆತ್ತಿಗೆ ನೇತುಹಾಕಿದರು. ನಾನು ಅಲ್ಲಿಂದ ಎಲ್ಲವನ್ನೂ ನೋಡಿದೆ. ಮಳೆಗಾಲದಲ್ಲೂ ಭರ್ತಿ ಒಳಗೆ ಬಂತು, ಬೇಸಿಗೆಯಲ್ಲೂ ಬಂತು. ಮೊದಮೊದಲು ಶೆಟ್ಲಿ ದೋಣಿ ತುಂಬಿ ಹೋಯಿತು. ಆಮೇಲೆ ಕಟ್ಟೆಯ ಮಣ್ಣು ಕರಗತೊಡಗಿತು. ಬಾವಿಗಳಿಗೆ ಉಪ್ಪು ಹತ್ತಿತು. ಮೊದಲು ಉಪ್ಪಾದದ್ದು ಜಂತ್ರಡಿಯ ಪಕ್ಕದಲ್ಲಿದ್ದ ಜಟ್ಟಿಯ ಮನೆಯ ಬಾವಿಯೇ. ಕುಡಿಯುವ ನೀರನ್ನು ದಡದಿಂದ ಕೊಡಗಳಲ್ಲಿ ತುಂಬಿ ದೋಣಿಯಲ್ಲಿ ತರುವ ಕಾಲ ಬಂತು. ಮಂಕಾಳಿ ಮತ್ತು ಜಟ್ಟಿ ಒಂದೇ ದೋಣಿಯಲ್ಲಿ ನೀರಿಗೆ ಹೋಗುತ್ತಿದ್ದರು, ಒಬ್ಬರು ಮೂತಿಯಲ್ಲಿ, ಒಬ್ಬರು ಹಿಂದೆ, ಮಾತಿಲ್ಲದೆ.

ಮಂಕಾಳಿ ಆ ವರ್ಷಗಳಲ್ಲಿ ಒಂದು ಕೆಲಸ ಮಾತ್ರ ಬಿಡಲಿಲ್ಲ. ಮನೆಯ ಹಿಂದಿನ ಚೂರು ಜಾಗದಲ್ಲಿ ಕಗ್ಗ ಹಾಕುತ್ತಿದ್ದಳು. ಕಗ್ಗದ ಬೀಜ ವರ್ಷ ದಾಟಿದರೆ ಮೊಳೆಯುವುದಿಲ್ಲ. ಈ ವರ್ಷದ ಬೀಜಕ್ಕೆ ಈ ವರ್ಷವೇ ಮಣ್ಣು ಕಾಣಿಸಬೇಕು. ಆದರೆ ಊರಿಗೆಲ್ಲ ಒಂದೇ ಚೂರು ಭತ್ತ ಎಂದರೆ ಊರಿನ ಹಕ್ಕಿಗಳೆಲ್ಲ ಅಲ್ಲಿಗೇ. ಅವಳು ತಗಡು ಬಡಿದು ಬಡಿದು ಸೋತಳು. ಹುಲ್ಲಿನಲ್ಲಿ ಸುತ್ತಿ ಕಟ್ಟುವ ಬೀಜದ ಮುಡಿ ವರ್ಷದಿಂದ ವರ್ಷಕ್ಕೆ ಸಣ್ಣದಾಯಿತು.

ಶೆಟ್ಲಿಗೆ ರೋಗ ಬಂದು ಗುತ್ತಿಗೆದಾರ ಬಿಟ್ಟುಹೋದ. ಗದ್ದೆ ಯಾರದೂ ಅಲ್ಲದ ಹಾಗೆ ಬಿದ್ದಿತು. ಮಳೆ ಇನ್ನೇನು ಬರಬೇಕು ಎನ್ನುವಾಗ, ಒಂದು ಬೆಳಿಗ್ಗೆ ಮಂಕಾಳಿ ಕಟ್ಟೆಯ ಮೇಲೆ ನಡೆದು ಜಟ್ಟಿಯ ಅಂಗಳಕ್ಕೆ ಬಂದಳು. ನಾನಿದ್ದ ಎತ್ತರದಿಂದ ಆ ಅಂಗಳ ಚೆನ್ನಾಗಿ ಕಾಣುತ್ತಿತ್ತು. ಜಟ್ಟಿ ಬಲೆಯ ಹರಕು ಹೊಲಿಯುತ್ತಿದ್ದ.

"ಜಟ್ಟಣ್ಣ, ಬಾಗ್ಲು ಇಳಿಸ್ಬೇಕು."

ಅವನು ತಲೆ ಎತ್ತಲಿಲ್ಲ. "ನಿನ್ ಬಾಯೊಳಗೆ ನಾಲ್ಗೆ ಅದೆ ಅಂತ ಇವತ್ತು ಗೊತ್ತಾಯ್ತು ಗೌಡ್ತಿ."

"ಒಂದೇ ಮುಡಿ ಉಳ್ದದೆ. ಈ ವರ್ಷ ದೊಡ್ಡ ಗದ್ದಿಗೆ ಹಾಕದಿದ್ರೆ, ಬರೂ ವರ್ಷ ಹಕ್ಕಿಗೆ ಹಾಕೂಕೂ ಇರೂದಿಲ್ಲ."

"ಅದ್ರಿಂದ ನಂಗೆಂತಾ ಬತ್ತದೆ?"

"ಬಾವಿ ಸಿಹಿ ಆಗ್ತದೆ."

ಜಟ್ಟಿಯ ಸೂಜಿ ನಿಂತಿತು. ಅಷ್ಟರಲ್ಲಿ ಅವನ ಹೊಸ ಸೊಸೆ ಚಂಪಿ ದೋಣಿಯಿಂದ ನೀರಿನ ಕೊಡ ಹೊತ್ತು ಬಂದು ಜಗಲಿಯ ಮೇಲೆ ಇಳಿಸಿದಳು. ಹೊಳೆಯ ಮೇಲುಗಡೆ, ಘಟ್ಟದ ಬುಡದ ಹಳ್ಳಿಯ ಹುಡುಗಿ. ಅಲ್ಲಿ ಹೊಳೆಯ ನೀರನ್ನೇ ಬೊಗಸೆಯಲ್ಲಿ ಕುಡಿಯುತ್ತಾರೆ.

"ನನ್ ಮಂಡಿ ಹೋಗ್ಯದೆ" ಎಂದ ಜಟ್ಟಿ. "ಮಗ ಪುರ್ಸು ಮಳೆಗಾಲಕ್ಕೆ ಬೋಟ್ ರಿಪೇರಿಗೆ ದಡಕ್ಕೆ ಹೋದವ ವಾರಕ್ಕೊಂದ್ ಸಲ ಬತ್ತ. ನಮ್ ಹಿಡಿ ಹಿಡಿಯೂಕೆ ಯಾರವ್ರೆ?"

"ನಾ ಹಿಡೀತೆ" ಎಂದಳು ಚಂಪಿ.

"ನೀ ನಿನ್ನೆ ಹಾಲಿನ ಪಾತ್ರೆ ಹಿಡ್ದಿದ್ಯಲ್ಲೆ. ಒಲೆ ಕುಡೀತು."

ಮಂಕಾಳಿ ಚಂಪಿಯ ಕೈಗಳನ್ನು ನೋಡಿದಳು. ದೋಣಿಗೆ ಹುಟ್ಟು ಹಾಕಿದ ಕೈಗಳು. ತಲೆಯಾಡಿಸಿ ಹೋದಳು.

ಸರಪಳಿ ಬಿಚ್ಚಿ ನನ್ನನ್ನು ಇಳಿಸಲು ಊರೇ ಬಂತು. ಕಟ್ಟೆಯ ಹರಕುಗಳಿಗೆ ಮಣ್ಣು, ಕಾಂಡ್ಲದ ಸೊಪ್ಪು ತುಂಬಿದರು. ಮಳೆ ಹಿಡಿಯಿತು. ಮಂಕಾಳಿ ಮತ್ತು ಚಂಪಿ ನನ್ನನ್ನು ಇಳಿತಕ್ಕೆ ಎತ್ತಿ, ಭರ್ತಿಗೆ ಇಳಿಸಿ, ಗದ್ದೆಯ ಉಪ್ಪನ್ನು ತೊಳೆದರು. ಮಂಕಾಳಿ ಎಂದಿನಂತೆ ಮಾತಾಡುತ್ತಿರಲಿಲ್ಲ. ಅವಳು ಬಗ್ಗಿದರೆ ಚಂಪಿ ಬಗ್ಗುತ್ತಿದ್ದಳು, ಅವಳು ಗೂಟ ಎಳೆದರೆ ಇವಳು ಎಳೆಯುತ್ತಿದ್ದಳು. ಹೀಗೆ ನೋಡಿ ನೋಡಿಯೇ ಕಲಿತಳು. ಮಂಕಾಳಿ ಗದ್ದೆಯ ನೀರನ್ನು ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿ, ಸಾಕು ಅನ್ನಿಸಿದ ದಿನ ಮುಡಿ ಬಿಚ್ಚಿದಳು. ನೆನೆಸಿ ಮೊಳಕೆ ಬರಿಸಿದ ಬೀಜವನ್ನು ಅಷ್ಟನ್ನೂ ಚೆಲ್ಲಿದಳು. ಮನೆಯಲ್ಲಿ ಒಂದು ಕಾಳೂ ಉಳಿಸಲಿಲ್ಲ. ಉಳಿಸಿದರೂ ಅದು ಮುಂದಿನ ವರ್ಷಕ್ಕೆ ಬೀಜವಲ್ಲ, ಬರೀ ಭತ್ತ. ನಾಲ್ಕೂ ಕುರ್ವೆಗಳಲ್ಲಿ ಉಳಿದಿದ್ದ ಕಗ್ಗವೆಲ್ಲ ಈಗ ನನ್ನ ಬೆನ್ನ ಹಿಂದೆ ಕೆಸರಿನಲ್ಲಿ ಮಲಗಿತ್ತು.

ಅಮಾವಾಸ್ಯೆಯ ಭರ್ತಿ ದೊಡ್ಡದು. ಆ ದಿನ ಮಧ್ಯಾಹ್ನ ನಾನು ಗೂಟದ ಮೇಲೆ ಅರ್ಧ ಎದ್ದು ನಿಂತು ಮಳೆನೀರು ಹೊರಬಿಡುತ್ತಿದ್ದೆ. ಚಂಪಿ ನನ್ನ ಪಕ್ಕದಲ್ಲಿ ಕೂತಿದ್ದಳು. ಮಂಕಾಳಿ ದೂರದಲ್ಲಿ, ಏಡಿ ಕೊರೆದ ತೂತಿಗೆ ಕಟ್ಟೆಯ ಮೇಲೆ ಮಣ್ಣು ಮೆತ್ತುತ್ತಿದ್ದಳು. ಬಿಟ್ಟರೆ ಅಲ್ಲೇ ಕಟ್ಟೆ ಒಡೆಯುತ್ತದೆ. ಹೊಳೆ ಒಂದು ಕ್ಷಣ ನಿಂತಿತು. ಆಮೇಲೆ ತಿರುಗಿತು. ಅದು ತಿರುಗುವುದು ನನ್ನ ಹಲಗೆಗೆ ಮೊದಲು ಗೊತ್ತಾಗುತ್ತದೆ, ಆಮೇಲೆ ಮಂಕಾಳಿಗೆ. ಅವಳು ನಡು ನೆಟ್ಟಗೆ ಮಾಡಿ ಕೂಗಿದಳು.

"ಏ ಚಂಪೀ, ಹೊಳಿಗೆ ಬಾಗ್ಲು ಕೊಡೇ."

ನಿನ್ನ ಬದಿಯ ಗೂಟ ತೆಗೆ, ನಾನು ಓಡಿ ಬಂದು ನನ್ನ ಬದಿಯದು ತೆಗೆಯುತ್ತೇನೆ ಎಂದು ಅದರ ಅರ್ಥ. ನಡುಕುರ್ವೆಯಲ್ಲಿ ತೊಟ್ಟಿಲ ಕೂಸಿಗೂ ಅದು ಗೊತ್ತು. ಗೊತ್ತಿಲ್ಲದವರು ಇರಬಹುದು ಎಂದು ಇಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ. ಚಂಪಿ ಆ ಮಾತನ್ನು ಮೊದಲ ಸಲ ಕೇಳುತ್ತಿದ್ದಳು. ಹೊಳೆಗೆ ಬಾಗಿಲು ಕೊಡು ಎಂದರೆ ಹೊಳೆಗೆ ದಾರಿ ಕೊಡು ಎಂದಲ್ಲದೆ ಮತ್ತೇನು? ಅವಳು ಎರಡೂ ಕೈಯಲ್ಲಿ ತನ್ನ ಹಿಡಿಯನ್ನು ಹಿಡಿದು, ಬಲವೆಲ್ಲ ಹಾಕಿ ನನ್ನನ್ನು ಮೇಲಕ್ಕೆತ್ತಿದಳು.

ಒಂದು ತುದಿ ಏರಿತು, ಇನ್ನೊಂದು ಏರಲಿಲ್ಲ. ನಾನು ಗಾಡಿಯಲ್ಲಿ ಓರೆಯಾಗಿ ಕಚ್ಚಿಕೊಂಡೆ. ಭರ್ತಿ ನನ್ನ ಕೆಳಗಿನಿಂದ ನುಗ್ಗಿತು.

ಮಂಕಾಳಿ ಓಡಿ ಬಂದಳು. ಗೂಟ ಕಿತ್ತಳು. ನಾನು ಇಳಿಯಲಿಲ್ಲ. ಹಿಡಿಗೆ ಜೋತುಬಿದ್ದಳು. ನಾನು ಕದಲಲಿಲ್ಲ. ತಪ್ಪಾಗಿದೆ ಎಂದು ಗೊತ್ತಾದ ಚಂಪಿಯೂ ತನ್ನ ಬದಿಯ ಗೂಟ ಕಿತ್ತು ಜೋತುಬಿದ್ದಳು. ಅವರು ಜಗ್ಗಿದಷ್ಟೂ ಕಲ್ಲಿಗೆ ನಾನು ಇನ್ನಷ್ಟು ಬಿಗಿದುಕೊಂಡೆ. ಉಪ್ಪು ನೀರು ಮೊಳಕೆಗಳ ಮೇಲೆ ಹರಡುತ್ತಾ ಹೋಗುವುದು ಮೂವರಿಗೂ ಕಾಣುತ್ತಿತ್ತು. ಜಗಲಿಯಿಂದ ಜಟ್ಟಿ ಕೋಲೂರಿಕೊಂಡು ಕುಂಟುತ್ತಾ ಕಟ್ಟೆಗೆ ಬಂದ.

"ಜಗ್ಬೇಡ್ರೆ" ಎಂದು ಕೂಗಿದ. "ಗೌಡ್ತಿ, ನೀ ಎತ್ತು. ನಿನ್ ಬದಿ ಎತ್ತು."

ಇಳಿಸಬೇಕಾದ ಬಾಗಿಲನ್ನು ಎತ್ತಲು ಮಂಕಾಳಿಗೆ ಮನಸ್ಸು ಬರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಹಿಡಿಯನ್ನು ಹಿಡಿದು ನಿಂತಳು. ಆಮೇಲೆ ಎತ್ತಿದಳು. ಎರಡು ತುದಿಯೂ ಸಮವಾದವು. ನಾನು ಸಡಿಲಾದೆ, ಇಬ್ಬರ ಕೈಯಲ್ಲೂ ಒಟ್ಟಿಗೆ ಇಳಿದು ಕೆಸರಿಗೆ ಊರಿದೆ.

ಗದ್ದೆ ಬಿಳಿ ನೀರಾಗಿತ್ತು. ಚಂಪಿ ಕಟ್ಟೆಯ ಮೇಲೆ ಕುಸಿದು ಕೂತಳು. ಜಟ್ಟಿ ಕೋಲಿಗೆ ಗದ್ದ ಊರಿ ಹೇಳಿದ, "ಬಾಗ್ಲು ಕೊಡೆ ಅಂದ್ರೆ ನಮ್ಮನಿ ಸೊಸೆ ಮನೀನೇ ಕೊಟ್ಲು."

ಮಂಕಾಳಿ ಅವನ ಕಡೆ ನೋಡಲಿಲ್ಲ. "ನಿಮ್ಮೂರಾಗೆ ಕೊಡೂದು ಅಂದ್ರೆ ಎಂತದೆ?" ಎಂದು ಚಂಪಿಯನ್ನು ಕೇಳಿದಳು.

"ಕೊಡೂದು ಅಂದ್ರೆ ಕೊಡೂದೇ ಗೌಡ್ತಕ್ಕ. ಹೊಳಿಗೆ ದಾರಿ ಬಿಡು ಅಂದ್ರಿ ಅಂದ್ಕಂಡೆ."

ಮಂಕಾಳಿ ಅವಳ ಪಕ್ಕದಲ್ಲಿ ಕೂತಳು. ಆ ಮಾತನ್ನು ತನ್ನೊಳಗೆ ತಿರುಗಿಸಿ ನೋಡುತ್ತಿದ್ದಳು ಎಂದು ನನಗೆ ಅನ್ನಿಸಿತು. "ಹೌದು" ಎಂದಳು ಕೊನೆಗೆ. "ಕೇಳಿದ್ರೆ ಹಾಂಗೇ ಕೇಳ್ತದೆ. ನಾ ಹೇಳ್ಕೊಡ್ಬೇಕಾಗಿತ್ತು." ಆಮೇಲೆ ಎದ್ದು ಕೈಯ ಕೆಸರು ಒರೆಸಿಕೊಂಡಳು. "ಇಳಿತಕ್ಕೆ ಬಾ. ತೊಳ್ಯೂವಾ."

ಆ ಇಳಿತಕ್ಕೆ ಎತ್ತಿದರು. ಮುಂದಿನ ಇಳಿತಕ್ಕೂ ಎತ್ತಿದರು. ಘಟ್ಟದಲ್ಲಿ ಮಳೆ ಜೋರಾಗಿ ಹೊಳೆ ಕೆಂಪಾಗಿ ಬಂತು. ಕೆಂಪಾಗಿ ಬಂದ ಹೊಳೆ ಸಿಹಿ. ಅದೇ ನೀರನ್ನು ಒಳಗೆ ಬಿಟ್ಟು, ಹೊರಗೆ ಬಿಟ್ಟು, ಒಳಗೆ ಬಿಟ್ಟು. ಮಂಕಾಳಿ ಈಗ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳುತ್ತಿದ್ದಳು. ಗೂಟ ತೆಗೆ, ಎತ್ತು, ನಿಲ್ಲು, ಈಗ ಹೊಳೆಗೆ ಬಾಗಿಲು ಕೊಡು. ಅವಳ ಧ್ವನಿಗೆ ಅಷ್ಟು ಕೆಲಸವಿದ್ದದ್ದನ್ನು ನಾನು ಕಂಡದ್ದೇ ಇಲ್ಲ. ಚಂಪಿ ಊಟಕ್ಕೂ ಮನೆಗೆ ಹೋಗಲು ಹಿಂಜರಿಯುತ್ತಿದ್ದಳು. ದಿನವೂ ಕಟ್ಟೆಯ ಮೇಲೆ ಕೂತು ಕೆಸರನ್ನೇ ನೋಡುತ್ತಿದ್ದಳು. ಬೇರೆ ಮನೆಯವರು ಬಂದು ನೋಡಿ, ಬಾಯಿಗೆ ಸೆರಗು ಇಟ್ಟುಕೊಂಡು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಗದ್ದೆಯ ಮೇಲುಬದಿಯಲ್ಲಿ ಹಸಿರು ಕಂಡಿತು. ಪಾಚಿ ಇರಬೇಕು ಎಂದಳು ಚಂಪಿ. ಮಂಕಾಳಿ ಕೆಸರಿಗಿಳಿದು ಹೋಗಿ, ಬಗ್ಗಿ, ಒಂದು ಎಲೆಯನ್ನು ಎರಡು ಬೆರಳಲ್ಲಿ ಸವರಿದಳು. ಪಾಚಿ ಅಲ್ಲ.

ತಗ್ಗಿನಲ್ಲಿ ಏನೂ ಬರಲಿಲ್ಲ. ಅಲ್ಲಿ ಬಿದ್ದ ಬೀಜ ಹೋಯಿತು. ಮೇಲುಬದಿಯಲ್ಲೂ ಅಲ್ಲೊಂದು ಇಲ್ಲೊಂದು. ಆದರೆ ಬಂದದ್ದು ಬಂತು.

"ಉಪ್ಪು ತಿಂದವ ನೀರು ಕುಡೀಲೇಬೇಕು ಅಂತಾರೆ" ಎಂದಳು ಮಂಕಾಳಿ, ಕೆಸರಿನಲ್ಲಿ ನಿಂತೇ. "ಇದು ನೋಡು. ಉಪ್ಪು ನೀರೇ ಕುಡ್ದು ಎದ್ದದೆ." ಅವಳು ನಕ್ಕದ್ದನ್ನು ನಾನು ಆಗ ಮೊದಲ ಸಲ ನೋಡಿದೆ. ಅದು ಅವಳ ಮಾವನ ನಗು.

ಕೊಯ್ಲಿನ ದಿನ ಗದ್ದೆಯಲ್ಲಿ ಸೊಂಟದವರೆಗೆ ನೀರಿತ್ತು. ಕಗ್ಗವನ್ನು ಹಾಗೇ ಕೊಯ್ಯುವುದು; ನೀರಿನ ಮೇಲೆ ತೂಗುವ ತೆನೆಗಳನ್ನಷ್ಟೇ ಕತ್ತರಿಸಿ ದೋಣಿಗೆ ಹಾಕುವುದು. ಒಂದೇ ದೋಣಿ ಸಾಕಾಯಿತು, ಅದೂ ತುಂಬಲಿಲ್ಲ. ಊರಿಗೆ ಊಟಕ್ಕೆ ಏನೂ ಸಾಲದು. ಬೀಜಕ್ಕೆ ಸಾಕು. ಜಟ್ಟಿಯ ಬಾವಿಯ ನೀರು ಆ ಹೊತ್ತಿಗೆ ಸಾರಿಗೆ ಆಗುವಷ್ಟು ತಿಳಿಯಾಗಿತ್ತು. ಕುಡಿಯುವಂತಾಗಲು ಇನ್ನೂ ಮಳೆಗಾಲಗಳು ಬೇಕಿದ್ದವು.

ಜಂತ್ರಡಿಯ ಕಟ್ಟೆಯ ಮೇಲೆ ಕೂತು ಮಂಕಾಳಿ ಮುಡಿ ಕಟ್ಟಲು ಹುಲ್ಲು ಹರಡಿದಳು. ಚಂಪಿ ಪಕ್ಕದಲ್ಲಿ ನಿಂತಿದ್ದಳು. ಏನನ್ನೋ ಕೇಳಬೇಕು, ಕೇಳಲಾಗುತ್ತಿಲ್ಲ.

"ಎಂತದೆ?" ಎಂದಳು ಮಂಕಾಳಿ.

"ನಮ್ಮನೀಲೂ ಒಂದ್ ಮುಡಿ ಇಡ್ತೆ, ಗೌಡ್ತಕ್ಕ."

ಬೀಜ ಗೌಡರ ಮನೆಯ ಅಟ್ಟ ಬಿಟ್ಟು ಎಂದೂ ಆಚೆ ಹೋದದ್ದಿಲ್ಲ. ಅಂಬಿಗರ ಮನೆಯಲ್ಲಿ ಬಲೆ ಇರುತ್ತದೆ, ಬೀಜ ಇರುವುದಿಲ್ಲ. ಅದೇ ಇಲ್ಲಿಯ ಪದ್ಧತಿ. ಜಂತ್ರಡಿಯ ಆಚೆ ಕೂತಿದ್ದ ಜಟ್ಟಿ ನಕ್ಕ. "ಮೀನಿಗೆ ಬೆಕ್ಕು, ಭತ್ತಕ್ಕೆ ಇಲಿ, ನಮ್ಮನಿ ಸಂತಿ ಆಗ್ತದೆ ಮಾರಾಯ್ತಿ."

ಮಂಕಾಳಿ ಭತ್ತದ ರಾಶಿಯನ್ನು ನೋಡಿದಳು, ಗದ್ದೆಯ ಬರಿದಾದ ತಗ್ಗನ್ನು ನೋಡಿದಳು. ಒಂದೇ ಕಡೆ ಇಟ್ಟದ್ದು ಒಂದೇ ಮಧ್ಯಾಹ್ನದಲ್ಲಿ ಹೋಗಬಹುದು. ಅದು ಅವಳಿಗೆ ಈ ವರ್ಷ ಗೊತ್ತಾಗಿತ್ತು. ಅವಳು ರಾಶಿಯ ನಡುವೆ ಅಂಗೈಯಿಟ್ಟು ಎರಡು ಮಾಡಿದಳು. "ಕೂತ್ಕ" ಎಂದಳು. "ಹುಲ್ಲು ಹೀಂಗೆ ಹಿಡಿ. ಬಿಗಿ ಆಗ್ಬೇಕು, ಉಸಿರೂ ಆಡ್ಬೇಕು." ಚಂಪಿಯ ಮೊದಲ ಮುಡಿ ಸೊಟ್ಟಗಿತ್ತು, ಹಲಸಿನಕಾಯಿಯ ಹಾಗೆ. ಮಂಕಾಳಿ ಅದನ್ನು ಬಿಚ್ಚಿಸಲಿಲ್ಲ.

ಆಮೇಲೆ ನಾನು ಎಷ್ಟೋ ಬೆಳೆ ಕಂಡೆ. ತಗ್ಗಿನಲ್ಲೂ ಕಗ್ಗ ಎದ್ದಿತು. ಉಳಿದ ಮನೆಗಳು ಮಂಕಾಳಿಯಿಂದಲೂ ಚಂಪಿಯಿಂದಲೂ ಬೀಜ ಒಯ್ದವು. ಹೆಗ್ಗುರ್ವೆಯ ತಗ್ಗಿನವರೂ ದೋಣಿಯಲ್ಲಿ ಬಂದು ಒಯ್ದರು. ಬೇಸಿಗೆಯಲ್ಲಿ ಜಟ್ಟಿಯ ಮಗ ಪುರ್ಸು ನನ್ನ ಮುಂದೆ ಬಲೆ ಕಟ್ಟಿದ. ಹೊಳೆ ಮಣ್ಣು ಇಳಿಸುವುದನ್ನು ಬಿಡಲಿಲ್ಲ, ಸಮುದ್ರ ತಟ್ಟುವುದನ್ನು ಬಿಡಲಿಲ್ಲ, ನಡುವೆ ಈ ಜನ ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟೆಗೆ ಹಾಕುವುದನ್ನು ಬಿಡಲಿಲ್ಲ. ಇಷ್ಟು ದೊಡ್ಡ ನೀರಿನ ಎದುರು ಇಷ್ಟು ಸಣ್ಣ ಬುಟ್ಟಿ. ಆದರೂ ಸೋತದ್ದು ಬುಟ್ಟಿಯಲ್ಲ.

ನಾನೇ ಹಳಬನಾದೆ. ಮರ ಕೊರೆಯುವ ಹುಳು ನನ್ನ ಕೆಳಗಂಚನ್ನು ತಿಂದಿತು. ಒಂದು ದಿನ ದಡದಿಂದ ಕಬ್ಬಿಣದ ಬಾಗಿಲು ಬಂತು, ಮೇಲೊಂದು ಚಕ್ರ. ತಿರುಗಿಸಿದರೆ ಏಳುತ್ತದೆ, ತಿರುಗಿಸಿದರೆ ಇಳಿಯುತ್ತದೆ. ಒಳ್ಳೆಯದೇ. ಚಂಪಿಗೂ ಈಗ ನಡು ನೋವು. ನನ್ನನ್ನು ಗಾಡಿಯಿಂದ ಎತ್ತಿ ಕಟ್ಟೆಯ ಮೇಲೆ ಮಲಗಿಸಿದರು. ಸೌದೆಗೆ ಆಗುವುದಿಲ್ಲ, ಉಪ್ಪು ಕುಡಿದ ಮರ ಒಲೆಯಲ್ಲಿ ಚಟಪಟ ಸಿಡಿಯುತ್ತದೆ ಎಂದರು ಯಾರೋ. ಹುಳು ತಿಂದದ್ದನ್ನು ಕತ್ತರಿಸಿ ತೆಗೆದು ಪುರ್ಸು ನನ್ನನ್ನು ತನ್ನ ಮನೆಯೊಳಗೆ ಒಯ್ದ. ಅಡಿಗೆ ಒಲೆಯ ಮೇಲುಗಡೆ ಎರಡು ತೊಲೆಗಳ ನಡುವೆ ನನ್ನನ್ನು ಅಡ್ಡ ಮಲಗಿಸಿದರು.

ನಾನು ಈಗ ಅಟ್ಟ. ಜೀವಮಾನದಲ್ಲಿ ಮೊದಲ ಸಲ ಒಣಗಿದ್ದೇನೆ. ಮೊದಮೊದಲು ಮೈಯೆಲ್ಲ ಬಿರಿದು ಚಟಕ್ ಚಟಕ್ ಎನ್ನುತ್ತಿತ್ತು. ಕೆಳಗೆ ಊಟಕ್ಕೆ ಕೂತವರು ತಲೆ ಎತ್ತಿ ನೋಡುತ್ತಿದ್ದರು. ಈಗ ಅಭ್ಯಾಸವಾಗಿದೆ. ಹೊಗೆ ಬರುತ್ತದೆ, ಸಾರಿನ ವಾಸನೆ ಬರುತ್ತದೆ. ಹೊಳೆ ಕಾಣುವುದಿಲ್ಲ. ಮಂಕಾಳಿ ಇಲ್ಲ ಎಂದು ಗೊತ್ತಾದದ್ದು ಒಂದು ದಿನ ಒಲೆ ಉರಿಯದೆ ಮನೆಯವರೆಲ್ಲ ಕಟ್ಟೆಯ ದಾರಿ ಹಿಡಿದು ಹೋದಾಗ.

ಕೊಯ್ಲಾದ ಮೇಲೆ ಚಂಪಿ ಏಣಿ ಹತ್ತಿ ಬಂದು ಬೀಜದ ಮುಡಿಗಳನ್ನು ನನ್ನ ಬೆನ್ನ ಮೇಲೆ ಸಾಲಾಗಿ ಇಡುತ್ತಾಳೆ. ಈಗ ಅವು ಸೊಟ್ಟಗಿರುವುದಿಲ್ಲ. ತಿಂಗಳುಗಟ್ಟಲೆ ನಾನು ಅವುಗಳನ್ನು ಹೊತ್ತು ಮಲಗಿರುತ್ತೇನೆ. ಸಮುದ್ರದ ಭಾರ ಹೊತ್ತವನಿಗೆ ಇದು ಭಾರವಲ್ಲ, ಆದರೂ ಹೆಚ್ಚು ಎಚ್ಚರದಿಂದ ಹೊರುತ್ತೇನೆ.

ಈ ಬೆಳಿಗ್ಗೆ ಹಂಚಿನ ಮೇಲೆ ಮಳೆಯ ಸದ್ದಿತ್ತು. ಏಣಿ ತಂದು ಒರಗಿಸಿದರು. ಒಂದೊಂದೇ ಮುಡಿ ಕೆಳಗೆ ಹೋಯಿತು. ಕೊನೆಯದನ್ನು ಎತ್ತಿಕೊಂಡ ಮೇಲೆ ಚಂಪಿ ಅಂಗೈಯಿಂದ ನನ್ನನ್ನು ಸವರಿ, ಉದುರಿದ ಕಾಳುಗಳನ್ನೂ ಹೆಕ್ಕಿಕೊಂಡಳು. ನನ್ನ ಮೇಲೆ ಈಗ ಏನೂ ಇಲ್ಲ. ಬೆನ್ನು ಹಗುರಾಗಿದೆ.